450 ಅಂತ ಬರೆದಿತ್ತು

ನಮ್ಮ ಮಹಡಿ ರೂಮಿನ ಬಾಗಿಲು ಗಾಳಿಗೆ ಬಡ್ಕೊಳ್ಳಬಾರದು ಅಂತ ಒಂದು ತಗಡಿನ ಡಬ್ಬಿ ಅಡ್ಡ ಇಟ್ಟಿದ್ದೀವಿ. ಅದು ಎಸ್‌ಎಂಪಿಎಸ್. ಕಂಪ್ಯೂಟರಿಗೆ ಕರೆಂಟು ಕೊಡೋ ಡಬ್ಬಿ. ಈಗ ಕರೆಂಟು ಕೊಡಲ್ಲ, ಬಾಗಿಲು ಮಾತ್ರ ಹಿಡೀತದೆ. ಮೇಲೆ ದಪ್ಪ ಅಕ್ಷರದಲ್ಲಿ 450 ವ್ಯಾಟ್ ಅಂತ ಬರೆದಿದೆ. ಆ 450 ಅನ್ನೋ ಅಂಕಿಯನ್ನ ನಂಬಿದ್ದಕ್ಕೆ ನಮಗೆ ಒಂದು ಮದರ್‌ಬೋರ್ಡು, ಒಂದು ಹಾರ್ಡ್ ಡಿಸ್ಕು, ಮೂರು ವಾರದ ಪ್ರಾಜೆಕ್ಟ್ ಕೆಲಸ ಮತ್ತು ಸಂಡೂರಿನ ಒಂದು ಮನೆಯ ಮದುವೆ ಫೋಟೋಗಳು ಹೋದವು. ಕನ್ನಡ ಸಂಘದವರು ಈ ಸಲ ಏನಾದ್ರೂ ಬರೀರಿ ಅಂದಾಗ ನಾವು ನಾಲ್ಕು ಜನಕ್ಕೂ ಬೇರೆ ವಿಷಯ ಹೊಳೆಯಲೇ ಇಲ್ಲ.

ನಾವು ಅಂದ್ರೆ ಹೊಸಪೇಟೆಯವನು ಒಬ್ಬ, ಸಂಡೂರಿನವನು ಒಬ್ಬ, ಕಂಪ್ಲಿಯವನು ಒಬ್ಬ, ಹಂಪಿ ಪಕ್ಕದ ಕಮಲಾಪುರದವಳು ಒಬ್ಬಳು. ನಾಲ್ವರೂ ಇಂಗ್ಲಿಷ್ ಮೀಡಿಯಂ ಗಿರಾಕಿಗಳು, ಒತ್ತಕ್ಷರ ಎಲ್ಲಾದ್ರೂ ಜಾರಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾಲ್ಕನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿಗೆ ಹಂಪಿಯ ಮಹಾನವಮಿ ದಿಬ್ಬದ ಹತ್ತಿರದ ಮೆಟ್ಟಿಲು ಪುಷ್ಕರಣಿಯ ತ್ರೀಡಿ ಮಾಡೆಲ್ ಮಾಡೋಣ ಅಂತ ಹೊರಟಿದ್ವಿ. ಫೋನಿನಲ್ಲಿ ಸುತ್ತ ನಿಂತು ನೂರಾರು ಫೋಟೋ ತೆಗೆಯೋದು, ಮೆಶ್‌ರೂಮ್ ಅನ್ನೋ ಉಚಿತ ಸಾಫ್ಟ್‌ವೇರಿಗೆ ಹಾಕೋದು, ಅದು ಫೋಟೋಗಳನ್ನ ಒಂದಕ್ಕೊಂದು ಹೊಂದಿಸಿ ಆಕಾರ ಕಟ್ಟುತ್ತೆ. ಆದರೆ ಅದರ ಮುಖ್ಯ ಹಂತ ಒಂದಕ್ಕೆ ಎನ್ವಿಡಿಯಾದ ಗ್ರಾಫಿಕ್ಸ್ ಕಾರ್ಡು ಬೇಕು, ಅದರಲ್ಲಿರೋ ಕೂಡಾ ಅನ್ನೋ ಸೌಲಭ್ಯ ಬೇಕು. (ಇದು ‘ನಾನೂ ಕೂಡ’ ಅನ್ನೋ ಕೂಡ ಅಲ್ಲ. ವೈವಾದಲ್ಲಿ ಈ ಜೋಕು ಮಾಡಿ ಒಬ್ಬನೂ ನಗಲಿಲ್ಲ.)

ಸಂಡೂರಿನವನ ಮನೇಲಿ 2020ರಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ತಂದ ಕಂಪ್ಯೂಟರ್ ಇತ್ತು. ಹತ್ತನೇ ತಲೆಮಾರಿನ ಐ3 ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡಿಲ್ಲ. ಅದನ್ನ ಬಸ್ಸಲ್ಲಿ ಹಾಕ್ಕೊಂಡು ಹೊಸಪೇಟೆಗೆ ತಂದ್ವಿ. ಕಾರ್ಡು ಹೊಸದು ಕೊಳ್ಳೋ ತಾಕತ್ತಿಲ್ಲ, ಸೆಕೆಂಡ್ ಹ್ಯಾಂಡ್ ಹುಡುಕಿದ್ವಿ. ಜಿಟಿಎಕ್ಸ್ 1660 ಸೂಪರ್ ಸಿಕ್ತು, 8,500 ರೂಪಾಯಿ. ಅದರಲ್ಲಿ ಆರು ಸಾವಿರ ಕಂಪ್ಲಿಯವನ ಅಪ್ಪ ಕೊಟ್ಟಿದ್ದು, ಭತ್ತ ಮಾರಿದ ದುಡ್ಡು. ಮಾರಿದವನು ‘ಮೈನಿಂಗಿಗೆ ಬಳಸಿಲ್ಲ’ ಅಂತ ಎರಡೆರಡು ಸಲ ಹೇಳಿದ. ಈಥೀರಿಯಂ 2022ರ ಸೆಪ್ಟೆಂಬರಿನಲ್ಲಿ ಕಾರ್ಡಿನ ಮೈನಿಂಗ್ ನಿಲ್ಲಿಸಿದ ಮೇಲೆ ಹಗಲು ರಾತ್ರಿ ದುಡಿದ ಕಾರ್ಡುಗಳು ಮಾರುಕಟ್ಟೆಗೆ ಬಂದು ಬಿದ್ದವು, ಅದಕ್ಕೆ ಈ ಮಾತು. ಸಂಡೂರಿನವನ ತಾತನಿಗೆ ಇದನ್ನ ಹೇಳಿದ್ರೆ, ‘ಮೈನಿಂಗಿಗೆ ಬಳಸದೇ ಇರೋ ವಸ್ತು ನಮ್ಮೂರಾಗೆ ಯಾವುದೈತಪ್ಪಾ’ ಅಂದ್ರು.

ಕಾರ್ಡಿನ ವಿವರದಲ್ಲಿ ‘ಕನಿಷ್ಠ 450 ವ್ಯಾಟ್ ಪವರ್ ಸಪ್ಲೈ’ ಅಂತ ಇತ್ತು. ನಮ್ಮ ಡಬ್ಬಿ ಮೇಲೂ 450. ಕೂಡಿ ಬಂತಲ್ಲ, ಗಣಿತ ಮುಗೀತು ಅಂದ್ಕೊಂಡ್ವಿ. ಕಾರ್ಡಿಗೆ ಎಂಟು ಪಿನ್ನಿನ ವೈರು ಬೇಕಿತ್ತು, ಡಬ್ಬಿಯಿಂದ ಅಂಥ ವೈರೇ ಹೊರಬಂದಿರಲಿಲ್ಲ. ಅಲ್ಲಾದ್ರೂ ಅನುಮಾನ ಬರಬೇಕಿತ್ತು. ಅಂಗಡಿಗೆ ಹೋಗಿ ‘ಅಣ್ಣಾ, ಎಸ್‌ಎಂಪಿಎಸ್ 450 ಐತೆ, ಕಾರ್ಡಿಗೆ ವೈರಿಲ್ಲ’ ಅಂದ್ವಿ. ಅವರು ಹಳೇ ಹಾರ್ಡ್ ಡಿಸ್ಕಿನ ನಾಲ್ಕು ಪಿನ್ನಿನ ವೈರುಗಳನ್ನ ಎಂಟು ಪಿನ್ನಿಗೆ ಜೋಡಿಸೋ ಅಡಾಪ್ಟರು ಕೊಟ್ಟರು. ಹಾಕಿದ್ವಿ. ಲೈಟು ಬಂತು, ಫ್ಯಾನು ತಿರುಗಿತು, ಆಟ ಕೂಡ ಆಡಿದ್ವಿ (ಕೂಡ, ಈ ಸಲ ಕನ್ನಡದ್ದೇ).

ಹದಿನೆಂಟು ದಿನ ಏನೂ ಆಗಲಿಲ್ಲ.

ಈ ಹದಿನೆಂಟು ದಿನದ ಬಗ್ಗೆ ಸ್ವಲ್ಪ ಹೇಳಲೇಬೇಕು. ಯಾಕಂದ್ರೆ ಈ ಲೇಖನ ಬರೀತೀವಿ ಅಂದಾಗ ಸೀನಿಯರ್ ಒಬ್ಬರು ‘ನಂದು ಎರಡು ವರ್ಷದಿಂದ ಹಂಗೇ ನಡೀತೈತೆ, ಏನೂ ಆಗಲ್ಲ ಬಿಡ್ರಲೇ’ ಅಂದ್ರು. ನಡೀತದೆ, ನಾವು ಇಲ್ಲ ಅನ್ನಲ್ಲ. ಕಂಪ್ಯೂಟರು ಎಲ್ಲಾ ಹೊತ್ತೂ ಪೂರ್ತಿ ಶಕ್ತಿ ಎಳೆಯಲ್ಲ. ಸಿನಿಮಾ ನೋಡುವಾಗ, ಟೈಪ್ ಮಾಡುವಾಗ ನಮ್ಮ ಕಾರ್ಡು ಹತ್ತಿಪ್ಪತ್ತು ವ್ಯಾಟಿನಲ್ಲಿ ಮಲಗಿರುತ್ತೆ. ಸಾಧಾರಣ ಆಟದಲ್ಲೂ ಕಾರ್ಡು ಪೂರ್ತಿ ದುಡೀತಿದ್ರೆ ಪ್ರೊಸೆಸರು ಅರ್ಧ ದುಡೀತಿರುತ್ತೆ. ಎರಡೂ ಒಟ್ಟಿಗೆ, ಗಂಟೆಗಟ್ಟಲೆ, ಏಪ್ರಿಲ್ ತಿಂಗಳ ಹೊಸಪೇಟೆಯ ತಗಡು ಶೀಟಿನ ಕೆಳಗೆ ದುಡಿದಾಗ ಮಾತ್ರ ಡಬ್ಬಿಯ ಬಂಡವಾಳ ಗೊತ್ತಾಗೋದು. ನಮಗೆ ಗೊತ್ತಾಗಿದ್ದು ರಾತ್ರಿ ಒಂದು ಗಂಟೆ ಸುಮಾರಿಗೆ. 640 ಫೋಟೋ ಹಾಕಿ ಡೆಪ್ತ್ ಮ್ಯಾಪ್ ಹಂತ ಓಡಿಸಿ, ಕೆಳಗೆ ಅಂಗಳದಲ್ಲಿ ಮಂಡಕ್ಕಿ ಒಗ್ಗರಣೆ ತಿಂತಾ ಕೂತಿದ್ವಿ. ಮೇಲಿಂದ ಪಟಾಕಿ ಸದ್ದು. ಹೋಗಿ ನೋಡಿದ್ರೆ ರೂಮ್ ಕತ್ತಲೆ. ಆ ವಾಸನೆ ಒಂದು ಸಲ ಮೂಗಿಗೆ ಹೋದ್ರೆ ಮರೆಯೋದಿಲ್ಲ: ಸುಟ್ಟ ಮೀನು, ಸುಟ್ಟ ಪ್ಲಾಸ್ಟಿಕ್ಕು ಎರಡೂ ಸೇರಿದ ಹಾಗೆ. ಬೆಳಿಗ್ಗೆ ಬೇರೆ ಡಬ್ಬಿ ಹಾಕಿ ನೋಡಿದ್ವಿ. ಕಾರ್ಡು ಹೇಗೋ ಬದುಕಿತ್ತು. ಬೋರ್ಡು, ಡಿಸ್ಕು ಎರಡೂ ಸತ್ತಿದ್ದವು. ಪುಷ್ಕರಣಿಯ ಫೋಟೋ ಫೋನುಗಳಲ್ಲಿದ್ದವು. ಸಂಡೂರಿನವನ ಅಕ್ಕನ ಮದುವೆ ಫೋಟೋ ಆ ಡಿಸ್ಕಿನಲ್ಲಿ ಮಾತ್ರ ಇದ್ದವು. ಅವನು ಅಕ್ಕನಿಗೆ ಫೋನ್ ಮಾಡೋಕೆ ನಾಲ್ಕು ದಿನ ತಗೊಂಡ.

ಮರುದಿನ ಕಂಪ್ಲಿಯಿಂದ ಗೆಳೆಯನ ಅಪ್ಪ ಬಂದಿದ್ರು, ಬೇರೆ ಕೆಲಸಕ್ಕೆ. ಆರು ಸಾವಿರದ ಲೆಕ್ಕ ಹೇಳದೆ ವಿಧಿಯಿರಲಿಲ್ಲ. ದೊಡ್ಡ ಕಾರ್ಡು ಹಾಕಿದ್ವಿ, ಕರೆಂಟಿನ ಡಬ್ಬಿ ತಡೀಲಿಲ್ಲ ಅಂತ ತಲೆ ತಗ್ಗಿಸಿ ಹೇಳಿದ್ವಿ. ಅವರು ಬೈಯಲಿಲ್ಲ. ನಿಜವಾಗಲೂ ಗೊತ್ತಾಗದೆ ಕೇಳೋ ಧ್ವನಿಯಲ್ಲಿ ಕೇಳಿದ್ರು: ‘ಮೋಟ್ರು ದೊಡ್ಡದು ತರೋಕೆ ಮೊದ್ಲು ನಾವು ಕೇಬಲ್ ನೋಡ್ತೀವಿ, ಸ್ಟಾರ್ಟರ್ ನೋಡ್ತೀವಿ. ನೀವು ಇಂಜಿನೇರು ಓದೋರು. ನೋಡ್ಲಿಲ್ಲೇನಪ್ಪಾ?’

ನೋಡಿರಲಿಲ್ಲ. ವ್ಯಾಟ್ ಅಂದ್ರೆ ವೋಲ್ಟ್ ಗುಣಿಸು ಆಂಪಿಯರ್ ಅನ್ನೋದನ್ನ ಹೈಸ್ಕೂಲಲ್ಲಿ ಕಲಿತಿದ್ವಿ, ಪಿಯುಸಿಯಲ್ಲಿ ಕಲಿತಿದ್ವಿ, ಮೊದಲ ವರ್ಷದ ಎಲೆಕ್ಟ್ರಿಕಲ್ಲಿನಲ್ಲಿ ಮತ್ತೆ ಕಲಿತು ಇಂಟರ್ನಲ್ಸಿನಲ್ಲಿ ಒಳ್ಳೇ ಮಾರ್ಕ್ಸು ತಗೊಂಡಿದ್ವಿ. ಆ ಸೂತ್ರ ಬಳಸಬೇಕಾದ ಲೇಬಲ್ಲು ಹದಿನೆಂಟು ದಿನ ನಮ್ಮ ಮೊಣಕಾಲಿನ ಪಕ್ಕದಲ್ಲೇ ಇತ್ತು. ಯಾರೂ ಬಗ್ಗಿ ಓದಲಿಲ್ಲ.

ಡಬ್ಬಿ ಸತ್ತ ಮೇಲೆ ಓದಿದ್ವಿ. ದೊಡ್ಡ 450ರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಪಟ್ಟಿ. 3.3 ವೋಲ್ಟಿಗೆ 14 ಆಂಪ್ಸ್, 5 ವೋಲ್ಟಿಗೆ 16 ಆಂಪ್ಸ್, 12 ವೋಲ್ಟಿಗೆ 15 ಆಂಪ್ಸ್, ಮತ್ತೆರಡು ಪುಡಿ ಸಾಲು. ಗುಣಿಸಿ. 46, 80, 180, ಪುಡಿ ಎರಡಕ್ಕೆ 14. ಎಲ್ಲಾ ಸೇರಿಸಿದ್ರೆ 320. ಡಬ್ಬಿ ಮೇಲೆ ಬರೆದಿರೋದನ್ನ ಡಬ್ಬಿಯೇ ಒಪ್ಪಲ್ಲ! 450 ಎಲ್ಲಿಂದ ಬಂತು ಅನ್ನೋದು ದೇವರಿಗೇ ಗೊತ್ತು. ಆದರೆ ನಮ್ಮನ್ನ ಮುಳುಗಿಸಿದ್ದು 450 ಅಲ್ಲ, 320ನೂ ಅಲ್ಲ. ಮುಳುಗಿಸಿದ್ದು 180.

ಯಾಕೆ ಅಂದ್ರೆ ಇವತ್ತಿನ ಕಂಪ್ಯೂಟರಿನಲ್ಲಿ ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡು, ಫ್ಯಾನು ಎಲ್ಲಾ ಕುಡಿಯೋದು 12 ವೋಲ್ಟಿನ ಸಾಲಿನಿಂದಲೇ. ಹಿಂದೆ ಪ್ರೊಸೆಸರುಗಳು 5 ವೋಲ್ಟು, 3.3 ವೋಲ್ಟಿನಿಂದ ಎಳೀತಿದ್ದವು. ಪೆಂಟಿಯಂ 4ರ ಕಾಲದಿಂದ ಅದು 12ಕ್ಕೆ ಬಂತು. ಅಗ್ಗದ ಡಬ್ಬಿಗಳು ಇನ್ನೂ ಹಳೇ ಕಾಲದ ಹಂಚಿಕೆಯಲ್ಲೇ ಇವೆ, ಬೇಡದ ಕಡೆ ಆಂಪ್ಸ್ ತೋರಿಸಿ ಒಟ್ಟು ಅಂಕಿ ಉಬ್ಬಿಸುತ್ತವೆ. ನಮ್ಮ ಲೆಕ್ಕ ನೋಡಿ: ಕಾರ್ಡು 125 ವ್ಯಾಟ್. ಪ್ರೊಸೆಸರು ಕಾಗದದ ಮೇಲೆ 65, ಟರ್ಬೋಗೆ ಹೋದ್ರೆ ಸ್ವಲ್ಪ ಹೊತ್ತು ಅದಕ್ಕಿಂತ ಮೇಲೆ. ಅಲ್ಲಿಗೇ 190. ಬೋರ್ಡು, ರ‍್ಯಾಮು, ಡಿಸ್ಕು, ಫ್ಯಾನುಗಳಿಗೆ ಅಂತ ಒಂದು 40-50 ಸೇರಿಸಿ, ಒಟ್ಟು ಸುಮಾರು 230 ಆಗುತ್ತೆ. ಅದರಲ್ಲಿ ಹೆಚ್ಚಿನ ಪಾಲು 12 ವೋಲ್ಟಿನದೇ. ಇರೋದು 180, ಅದೂ ಕಂಪನಿಯ ಮಾತು ನಂಬಿದ್ರೆ.

ಇಲ್ಲಿ ಒಂದು ವಿಚಿತ್ರ ಇದೆ, ಅದೇ ನಮ್ಮ ವಾದದ ತಿರುಳು. ಒಟ್ಟು ಬೇಕಾಗಿದ್ದು 230 ವ್ಯಾಟ್ ಆದ್ರೆ ಎನ್ವಿಡಿಯಾದವರು 450 ಅಂತ ಯಾಕೆ ಹೇಳಿದ್ರು? ಆರ್‌ಟಿಎಕ್ಸ್ 4060 ನೋಡಿ, ಅದು ಬರೀ 115 ವ್ಯಾಟಿನ ಕಾರ್ಡು, ಅದಕ್ಕೆ 550 ವ್ಯಾಟಿನ ಪವರ್ ಸಪ್ಲೈ ಹಾಕಿ ಅಂತಾರೆ. ಅವರಿಗೆ ನಿಮ್ಮ ಪ್ರೊಸೆಸರು ಯಾವುದು ಗೊತ್ತಿಲ್ಲ, ನಿಮ್ಮ ಡಬ್ಬಿ ಎಂಥದ್ದು ಅಂತಲೂ ಗೊತ್ತಿಲ್ಲ. ಎಂಥಾ ಡಬ್ಬಿ ಇದ್ರೂ ಬಚಾವಾಗಲಿ ಅಂತ ದೊಡ್ಡ ಅಂಕಿ ಹೇಳ್ತಾರೆ. ಡಬ್ಬಿ ಮಾಡೋರು ಆ ದೊಡ್ಡ ಅಂಕಿಯನ್ನೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕ್ತಾರೆ. ನಾವು ಎರಡು ಸುಳ್ಳು-ಅಂದಾಜುಗಳನ್ನ ಪಕ್ಕಪಕ್ಕ ಇಟ್ಟು ‘ಸಮ ಐತೆ’ ಅಂತೀವಿ. ಒಳ್ಳೇ 450 ವ್ಯಾಟಿನ ಎಸ್‌ಎಂಪಿಎಸ್ ಇದ್ದಿದ್ರೆ ನಮ್ಮ ಮಿಷನ್ನು ಆರಾಮಾಗಿ ನಡೀತಿತ್ತು. ಕೆಟ್ಟ ಡಬ್ಬಿಯ ಮೇಲೆ 650 ಅಂತ ಇದ್ದಿದ್ರೂ ಹೀಗೇ ಸಾಯ್ತಿತ್ತು. ಹಾಗಾಗಿ ‘ಈ ಕಾರ್ಡಿಗೆ ಎಷ್ಟು ವ್ಯಾಟ್ ಬೇಕು’ ಅಂತ ಕ್ಲಾಸ್ ಗ್ರೂಪಿನಲ್ಲಿ ದಿನಾ ಬರೋ ಪ್ರಶ್ನೆ ಇದೆಯಲ್ಲ, ಆ ಪ್ರಶ್ನೆಯೇ ತಪ್ಪು ಅಂತ ನಾವು ಹೇಳ್ತೀವಿ. ‘12 ವೋಲ್ಟಿಗೆ ಎಷ್ಟು ಆಂಪ್ಸ್ ಐತೆ’ ಅಂತ ಕೇಳಿ. ಒಳ್ಳೇ ಡಬ್ಬಿಯ ಗುರುತೂ ಅಲ್ಲೇ ಸಿಗುತ್ತೆ: 550 ವ್ಯಾಟಿನದು ಅಂದ್ರೆ 12 ವೋಲ್ಟಿನ ಸಾಲೊಂದೇ ಹೆಚ್ಚೂಕಡಿಮೆ 550ರ ಹತ್ತಿರ ಕೊಡಬೇಕು, ಅಂದ್ರೆ 45 ಆಂಪ್ಸ್ ಆಸುಪಾಸು. ಕೆಲವು ಲೇಬಲ್ಲಿನಲ್ಲಿ 12 ವೋಲ್ಟು ಎರಡು ಸಾಲಾಗಿ ಇರುತ್ತೆ, ಒಂದಕ್ಕೆ 18, ಇನ್ನೊಂದಕ್ಕೆ 18 ಅಂತ. ಕೂಡಿಸಿ 36 ಅನ್ನೋ ಹಾಗಿಲ್ಲ. ಕೆಳಗೆ ಎರಡಕ್ಕೂ ಸೇರಿ ಗರಿಷ್ಠ ಇಷ್ಟು ವ್ಯಾಟ್ ಅಂತ ಬೇರೆ ಇರುತ್ತೆ, ಅದನ್ನೇ ಹಿಡೀಬೇಕು.

ಲೇಬಲ್ಲಿನ ಅಂಕಿಗೂ ನಿಜಕ್ಕೂ ಇರೋ ಅಂತರ ನಮ್ಮೂರಿನವರಿಗೆ ಹೊಸದಲ್ಲ. ನಮ್ಮ ತುಂಗಭದ್ರಾ ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡೀತಿತ್ತು. ಹೂಳು ತುಂಬಿ ತುಂಬಿ ಈಗ ಲೆಕ್ಕಕ್ಕೆ ಹಿಡಿಯೋದು 105.788. ಕಾಲುವೆಗೆ ನೀರು ಬಿಡೋ ಮೀಟಿಂಗಿನಲ್ಲಿ ಯಾರೂ 133 ಇಟ್ಕೊಂಡು ಹಂಚಲ್ಲ. ನಮ್ಮ ಡಬ್ಬಿಗೂ ಐದು ವರ್ಷ ವಯಸ್ಸಾಗಿತ್ತು, ಸಂಡೂರಿನಲ್ಲಿ ಅದಿರು ಲಾರಿ ಓಡಾಡೋ ರಸ್ತೆ ಬದಿಯ ಮನೇಲಿ ಇತ್ತು. ಸತ್ತ ಮೇಲೆ ಫ್ಯಾನಿನ ಜಾಲರಿಯಿಂದ ಬ್ರಷ್ಷಿನಲ್ಲಿ ಕೆಡವಿದ ಧೂಳು ಕೆಂಪಗೆ, ಕುಂಕುಮದ ಹಾಗೆ. ಆ ಫ್ಯಾನು ಉಸಿರಾಡಿದ್ದೇ ಪುಣ್ಯ. ಒಳಗಿರೋ ಕೆಪಾಸಿಟರುಗಳಿಗೆ ಬಿಸಿಯೇ ಶತ್ರು. ಹತ್ತು ಡಿಗ್ರಿ ಬಿಸಿ ಹೆಚ್ಚಾದ್ರೆ ಅವುಗಳ ಆಯಸ್ಸು ಸುಮಾರು ಅರ್ಧ ಆಗುತ್ತೆ ಅನ್ನೋದು ಎಲೆಕ್ಟ್ರಾನಿಕ್ಸಿನ ಹಳೇ ಲೆಕ್ಕ. ಅಗ್ಗದ ಡಬ್ಬಿಗಳ ವ್ಯಾಟ್ ಅಂಕಿ ಅನೇಕ ಸಲ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೇಳಿದ್ದು. ಒಳ್ಳೇ ಕಂಪನಿಗಳು 40 ಅಥವಾ 50 ಡಿಗ್ರಿಯಲ್ಲೂ ಪೂರ್ತಿ ಕೊಡ್ತೀವಿ ಅಂತ ಬರೀತಾವೆ. ಹೊಸಪೇಟೆಯಲ್ಲಿ 25 ಡಿಗ್ರಿ ಇರೋದು ಯಾವಾಗ? ಡಿಸೆಂಬರ್ ಬೆಳಿಗ್ಗೆ, ಡ್ಯಾಮಿನ ಗಾರ್ಡನ್ನಿನಲ್ಲಿ. ಏಪ್ರಿಲ್ ಮಧ್ಯಾಹ್ನ ಕ್ಯಾಬಿನೆಟ್ಟಿನ ಒಳಗಲ್ಲ.

ಲೆಕ್ಕಕ್ಕೆ ಸಿಗದ ಇನ್ನೊಂದು ವಿಷಯ ಕ್ಷಣದ ಎಳೆತ. ಇದನ್ನ ನಮಗೆ ಅರ್ಥ ಮಾಡಿಸಿದ್ದೂ ಕಂಪ್ಲಿಯ ಪಂಪ್‌ಸೆಟ್ಟೇ. ಮೋಟ್ರು ಚಾಲೂ ಮಾಡಿದ ಕ್ಷಣಕ್ಕೆ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತೆ, ಗುಡಿಸಲಿನ ಬಲ್ಬು ಒಮ್ಮೆ ಮಂಕಾಗಿ ಮತ್ತೆ ಸರಿಯಾಗುತ್ತೆ. ಗ್ರಾಫಿಕ್ಸ್ ಕಾರ್ಡೂ ಹಾಗೇ, ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ತನ್ನ ಹೆಸರಿನ ವ್ಯಾಟಿಗಿಂತ ಎಷ್ಟೋ ಮೇಲೆ ಎಗರಿ ಇಳಿಯುತ್ತೆ. ದೊಡ್ಡ ಕಾರ್ಡುಗಳಲ್ಲಿ ಇದು ಎಷ್ಟು ತಲೆನೋವಾಯ್ತು ಅಂದ್ರೆ 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮದಲ್ಲಿ ಇದನ್ನೇ ಸೇರಿಸಿದ್ರು: ದೊಡ್ಡ ಎಸ್‌ಎಂಪಿಎಸ್ ತನ್ನ ಒಟ್ಟು ಸಾಮರ್ಥ್ಯದ ಎರಡು ಪಟ್ಟನ್ನ 100 ಮೈಕ್ರೋಸೆಕೆಂಡು ತಡೆದುಕೊಳ್ಳಬೇಕು. ಆದ್ದರಿಂದ ಎಲ್ಲಾ ಕೂಡಿಸಿ 230 ಬಂದ್ರೆ 240ರ ಡಬ್ಬಿ ಸಾಕು ಅಂತಲ್ಲ. 12 ವೋಲ್ಟಿನ ಸಾಲಿನ ಮುಕ್ಕಾಲು ಪಾಲಿಗಿಂತ ಹೆಚ್ಚು ಬಳಸದ ಹಾಗೆ ನೋಡ್ಕೊಂಡ್ರೆ ಅದೂ ತಣ್ಣಗಿರುತ್ತೆ, ನಾವೂ ತಣ್ಣಗಿರ್ತೀವಿ.

ಸಾಯೋದರಲ್ಲೂ ಒಳ್ಳೇದು ಕೆಟ್ಟದ್ದು ಇದೆ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಕ್ರಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದು ನಮಗೆಲ್ಲ ನೆನಪಿದೆ, ಆ ವಾರ ಹೊಸಪೇಟೆಯಲ್ಲಿ ಬೇರೆ ಮಾತೇ ಇರಲಿಲ್ಲ. ಒತ್ತಡ ಇಳಿಸೋಕೆ ಉಳಿದ ಗೇಟುಗಳನ್ನೂ ತೆರೆದು ನದಿಗೆ ನೀರು ಬಿಟ್ಟರು. ಸುಮಾರು ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದ್ರು. ನೀರು ಹೋಯ್ತು, ಡ್ಯಾಮ್ ಉಳೀತು. ಒಳ್ಳೇ ಎಸ್‌ಎಂಪಿಎಸ್ಸಿನಲ್ಲಿ ಈ ಬುದ್ಧಿ ಒಳಗೇ ಇರುತ್ತೆ. ಆಂಪ್ಸ್ ಮೀರಿದ್ರೆ, ವೋಲ್ಟೇಜ್ ಏರಿದ್ರೆ, ಬಿಸಿ ಹೆಚ್ಚಾದ್ರೆ ತಾನೇ ಬಂದ್ ಆಗುತ್ತೆ, ಕಂಪ್ಯೂಟರು ಫಕ್ಕನೆ ಆಫ್ ಆಗುತ್ತೆ ಅಷ್ಟೇ. ಆಟದ ಮಧ್ಯೆ ಹೀಗೆ ಆಫ್ ಆದ್ರೆ ಅದನ್ನ ಬೈಬೇಡಿ, ಅದು ಕೈಮುಗಿದು ಹೇಳ್ತಿದೆ. ನಮ್ಮ ಡಬ್ಬಿಗೆ ಆ ಬುದ್ಧಿ ಇರಲಿಲ್ಲ, ಇದ್ರೂ ಹೆಸರಿಗಷ್ಟೇ. ತಾನು ಸಾಯುವಾಗ ಪಕ್ಕದವರನ್ನೂ ಎಳ್ಕೊಂಡು ಹೋಯ್ತು.

ವೈರಿನ ಮಾತು ಮುಗಿಸಿಬಿಡ್ತೀವಿ, ಯಾಕಂದ್ರೆ ಇಲ್ಲಿ ಬೆಂಕಿಯ ಅಪಾಯ ಇದೆ. ಬೋರ್ಡಿನ ಉದ್ದ ಸ್ಲಾಟಿನಿಂದ ಕಾರ್ಡಿಗೆ 75 ವ್ಯಾಟ್ ತನಕ ಸಿಗುತ್ತೆ. ಜಿಟಿಎಕ್ಸ್ 1650 ತರಹದ ಕೆಲವು ಕಾರ್ಡುಗಳಿಗೆ ಅಷ್ಟೇ ಸಾಕು, ಬೇರೆ ವೈರೇ ಬೇಡ. ಅದಕ್ಕೂ ಮೇಲೆ ಬೇಕಾದ್ರೆ ಆರು ಪಿನ್ನಿನ ವೈರು ಇನ್ನೊಂದು 75, ಎಂಟು ಪಿನ್ನಿನದು 150. ಡಬ್ಬಿಯಿಂದಲೇ ಆ ವೈರು ಬರದಿದ್ದರೆ, ‘ನನ್ನಿಂದ ಇಷ್ಟು ಆಗಲ್ಲ’ ಅಂತ ಡಬ್ಬಿ ಮಾಡಿದವರೇ ಒಪ್ಪಿಕೊಂಡ ಹಾಗೆ. ಅಡಾಪ್ಟರು ಹಾಕಿ ಅದರ ಬಾಯಿ ಮುಚ್ಚಿಸಬೇಡಿ. ಪ್ರೊಸೆಸರಿಗೆ ಹೋಗೋ ಎಂಟು ಪಿನ್ನೂ ಕಾರ್ಡಿನ ಎಂಟು ಪಿನ್ನೂ ನೋಡೋಕೆ ಅಣ್ಣತಮ್ಮಂದಿರು, ಆದ್ರೆ 12 ವೋಲ್ಟು ಇರಬೇಕಾದ ಕಡೆ ಗ್ರೌಂಡ್ ಇರುತ್ತೆ. ಒತ್ತಿ ತೂರಿಸಿದ್ರೆ ಕಥೆ ಮುಗೀತು. ಕಳಚಿ ಹಾಕೋ ವೈರಿನ ಡಬ್ಬಿ ಆದ್ರೆ ಬೇರೆ ಕಂಪನಿಯ ವೈರು ತಂದು ಹಾಕಬೇಡಿ, ಡಬ್ಬಿ ಕಡೆಯ ಪಿನ್ನು ಒಂದೊಂದು ಕಂಪನಿಯದು ಒಂದೊಂದು ಥರ. ಹೊಸ ದೊಡ್ಡ ಕಾರ್ಡುಗಳ ಹದಿನಾರು ಪಿನ್ನಿನ ಕನೆಕ್ಟರು 2022ರ ಕೊನೆಯಲ್ಲಿ ಆರ್‌ಟಿಎಕ್ಸ್ 4090ರಲ್ಲಿ ಕರಗಿದ ಸುದ್ದಿ ಎಲ್ಲರೂ ಕೇಳಿರ್ತೀರಿ. ಕನೆಕ್ಟರು ಪೂರ್ತಿ ಒಳಗೆ ಕೂರದೇ ಇದ್ದದ್ದು ಅದಕ್ಕೆ ಒಂದು ಕಾರಣ. ಟಕ್ ಅನ್ನೋವರೆಗೂ ಒತ್ತಿ ಅಂತ ಅಷ್ಟೇ ಹೇಳ್ತೀವಿ, ಆ ಬೆಲೆಯ ಕಾರ್ಡಿನ ಬಗ್ಗೆ ನಮಗೆ ಅನುಭವ ಇಲ್ಲ, ಇರೋದೂ ಬೇಡ.

80 ಪ್ಲಸ್ ಬಗ್ಗೆ ಹಾಸ್ಟೆಲಿನಲ್ಲಿ ಎರಡು ತಪ್ಪು ನಂಬಿಕೆ ಇವೆ. ಮೊದಲನೇದು, 80 ಪರ್ಸೆಂಟ್ ದಕ್ಷತೆ ಅಂದ್ರೆ 450 ವ್ಯಾಟಿನ ಡಬ್ಬಿ 360 ಮಾತ್ರ ಕೊಡುತ್ತೆ ಅನ್ನೋದು. ಅಲ್ಲ. ಒಳ್ಳೇ ಡಬ್ಬಿ 450 ಅಂದ್ರೆ ಕಂಪ್ಯೂಟರಿಗೆ 450 ಕೊಡುತ್ತೆ, ಗೋಡೆಯಿಂದ ಅದಕ್ಕಿಂತ ಹೆಚ್ಚು ಎಳೆಯುತ್ತೆ. ಎರಡನೇದು, ಬ್ರಾಂಝ್ ಗೋಲ್ಡ್ ಅಂತ ಇದ್ರೆ ಡಬ್ಬಿ ಗಟ್ಟಿ ಅನ್ನೋದು. ಆ ಪದಕ ಹೇಳೋದು ಎಷ್ಟು ಕರೆಂಟು ಬಿಸಿಯಾಗಿ ವ್ಯರ್ಥ ಆಗುತ್ತೆ ಅನ್ನೋದನ್ನ ಮಾತ್ರ. ಆದ್ರೂ ಪದಕವೇ ಇಲ್ಲದ ಡಬ್ಬಿಗಿಂತ ಬ್ರಾಂಝ್ ಇರೋದು ಮೇಲು, ಅಷ್ಟಾದ್ರೂ ಯಾರೋ ಅಳೆದು ನೋಡಿದ್ದಾರೆ.

ಗೋಡೆಯ ಮಾತು ಬಂದಿದ್ದಕ್ಕೆ ಯುಪಿಎಸ್ಸೂ ನೆನಪಾಯ್ತು. ನಮ್ಮ ಕಡೆ ಎಲ್ಲರ ಮನೇಲೂ ಇರೋದು 600 ವಿಎ ಯುಪಿಎಸ್. 600 ಅಂತ ಬರೆದಿರುತ್ತೆ, ವ್ಯಾಟಿನಲ್ಲಿ ಅದು ಸಾಮಾನ್ಯವಾಗಿ 360. ಮತ್ತೆ ಅದೇ ಕಥೆ ನೋಡಿ, ದೊಡ್ಡ ಅಂಕಿ ದೊಡ್ಡ ಅಕ್ಷರದಲ್ಲಿ! ಒಳಗೆ 230 ಬೇಕಾದ್ರೆ ಗೋಡೆಯಿಂದ ಸುಮಾರು 290, ಮಾನಿಟರಿಗೆ 25, ಅಲ್ಲಿಗೆ 315. ಹೊಸ ಕಾರ್ಡು ಹಾಕಿದ ಮೇಲೆ ಕರೆಂಟು ಹೋದ ಕೂಡಲೇ ಯುಪಿಎಸ್ ಕಿರುಚಿ ಆಫ್ ಆದ್ರೆ ಬ್ಯಾಟರಿಯನ್ನ ಮಾತ್ರ ಅನುಮಾನಿಸಬೇಡಿ.

ಇಷ್ಟಕ್ಕೆಲ್ಲ ತಪ್ಪು ಯಾರದ್ದು? ನಮ್ಮಲ್ಲೇ ಜಗಳ ಆಯ್ತು. ಅಂಗಡಿಯವರದ್ದು ಅಂತ ಇಬ್ಬರು. ನಿಜ, ಆ ಅಡಾಪ್ಟರು ಕೊಡಬಾರದಿತ್ತು. ಆದ್ರೆ ನಾವು ಅವರಿಗೆ ಕೇಳಿದ್ದೇನು? ‘ವೈರಿಲ್ಲ ಅಣ್ಣಾ’ ಅಂದ್ವಿ, ವೈರು ಕೊಟ್ಟರು. ಈ ಡಬ್ಬಿ ಈ ಕಾರ್ಡನ್ನ ತಡೆಯುತ್ತಾ ಅಂತ ಕೇಳಿರಲೇ ಇಲ್ಲ. ಕೇಳಿದ್ರೆ ಹೊಸದಕ್ಕೆ ನಾಲ್ಕು ಸಾವಿರ ಆಗುತ್ತೆ ಅಂತಾರೆ ಅನ್ನೋ ಭಯ ನಮ್ಮೊಳಗೇ ಇತ್ತು ಅನ್ನೋದನ್ನೂ ಇಲ್ಲಿ ಒಪ್ಪಿಕೊಳ್ತೀವಿ. ಎಸ್‌ಎಂಪಿಎಸ್ಸಿಗೆ ದುಡ್ಡು ಹಾಕಿದ್ರೆ ಆಟದಲ್ಲಿ ಒಂದು ಫ್ರೇಮೂ ಹೆಚ್ಚು ಬರಲ್ಲ, ತೋರಿಸ್ಕೊಳ್ಳೋಕೆ ಬಣ್ಣದ ಲೈಟಿಲ್ಲ, ಸ್ಟೇಟಸ್ಸಿಗೆ ಹಾಕೋಕೆ ಆಗಲ್ಲ. ಹಾಗಾಗಿ ನಮ್ಮ ವಯಸ್ಸಿನವರ ಬಜೆಟ್ಟಿನಲ್ಲಿ ಅದು ಯಾವಾಗಲೂ ಕೊನೇ ಸಾಲು, ಉಳಿದ ಚಿಲ್ಲರೆಯಲ್ಲಿ ಬರಬೇಕಾದ್ದು. ನಮ್ಮ ಪ್ರಕಾರ ಅದು ಮೊದಲ ಸಾಲಾಗಬೇಕು. ನಾಲ್ಕು ಸಾವಿರ ಇಲ್ಲ ಅಂದ್ರೆ ಕಾರ್ಡನ್ನ ಚಿಕ್ಕದು ಮಾಡಿ, ಇಲ್ಲಾ ಒಂದು ಸೆಮಿಸ್ಟರ್ ಕಾಯಿರಿ.

ಇನ್ನೊಂದು ಸಿಟ್ಟು ಡಬ್ಬಿ ಮಾಡೋರ ಮೇಲೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೆಷ್ಟು ಗ್ರಾಂ ಅಂತ ಸರಿಯಾಗಿ ಬರೆಯಲೇಬೇಕು. 320 ಇಟ್ಟು 450 ಅಂತ ಬರೆಯೋಕೆ ಇವರಿಗೆ ಯಾರು ಬಿಟ್ಟಿದ್ದಾರೆ? 12 ವೋಲ್ಟಿನ ವ್ಯಾಟ್ ಎಷ್ಟು ಅನ್ನೋದೇ ಡಬ್ಬಿಯ ಮುಖದ ಮೇಲೆ ದೊಡ್ಡದಾಗಿ ಇರಬೇಕು. ಅಂಗಡಿಯ ಬಿಲ್ಲಿನಲ್ಲೂ ‘450 ವ್ಯಾಟ್’ ಅಂತಲ್ಲ, ‘12 ವೋಲ್ಟ್, ಇಷ್ಟು ಆಂಪ್ಸ್’ ಅಂತ ಬರೆದುಕೊಡಿ ಅಂತ ನಾವು ಗಿರಾಕಿಗಳು ಕೇಳೋಕೆ ಶುರು ಮಾಡಬಹುದು, ಅದಕ್ಕೆ ಯಾವ ಕಾನೂನೂ ಬೇಡ. ಕಾಲೇಜಿನ ಗ್ರೂಪಿನಲ್ಲಿ ಹಳೇ ಮಿಷನ್ ಮಾರೋ ಸೀನಿಯರುಗಳು ಆರ್‌ಜಿಬಿ ಫೋಟೋ ಜೊತೆ ಎಸ್‌ಎಂಪಿಎಸ್ಸಿನ ಲೇಬಲ್ ಫೋಟೋನೂ ಹಾಕಲಿ. ಹಾಕದವರ ಹತ್ರ ಕೊಳ್ಳಬೇಡಿ.

ಪ್ರಾಜೆಕ್ಟು ಏನಾಯ್ತು ಅಂತ ಕೇಳ್ತಿದ್ದೀರಿ. ಹಳೇ ಬೋರ್ಡೊಂದು ಹುಡುಕಿ, 12 ವೋಲ್ಟಿಗೆ 45 ಆಂಪ್ಸ್ ಇರೋ ಎಸ್‌ಎಂಪಿಎಸ್ ತಂದು, ಲ್ಯಾಬಿನಿಂದ ಮಲ್ಟಿಮೀಟರ್ ಬೇಡಿ ತಂದು, ಪೂರ್ತಿ ಲೋಡಿನಲ್ಲಿ ಓಡಿಸಿ ಖಾಲಿ ಇದ್ದ ಒಂದು ಕನೆಕ್ಟರಿನಲ್ಲಿ ಅಳೆದ್ವಿ. ಹಳದಿ ವೈರಿಗೂ ಕಪ್ಪು ವೈರಿಗೂ ನಡುವೆ 12.08. ನಿಯಮದ ಪ್ರಕಾರ 11.4ರಿಂದ 12.6ರ ಒಳಗಿದ್ರೆ ಸರಿ. (ಹೊರಗಿನ ಕನೆಕ್ಟರಿನಲ್ಲಿ ಅಳೀರಿ ಅಷ್ಟೇ. ಡಬ್ಬಿಯನ್ನ ಯಾವತ್ತೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತೆ.) ರಾತ್ರಿಯಿಡೀ ಓಡಿತು, ಈ ಸಲ ಯಾರೂ ಕೆಳಗೆ ಮಂಡಕ್ಕಿ ತಿನ್ನೋಕೆ ಹೋಗಲಿಲ್ಲ. ಬೆಳಿಗ್ಗೆ ಪುಷ್ಕರಣಿ ಪರದೆ ಮೇಲೆ ಎದ್ದು ಬಂದಿತ್ತು, ಒಂದು ಮೂಲೆಯ ಮೆಟ್ಟಿಲು ಮಾತ್ರ ಕರಗಿದ ಮೇಣದ ಹಾಗಿತ್ತು, ಅಲ್ಲಿ ಫೋಟೋ ಕಡಿಮೆ ಬಿದ್ದಿದ್ದವು. ಕಮಲಾಪುರದವಳು ಜೂಮ್ ಮಾಡಿ ತೋರಿಸಿದಳು: ಆ ಕಲ್ಲುಗಳ ಮೇಲೆ ಕೆತ್ತಿದವರ ಗುರುತು ಇವೆ, ಯಾವ ದಿಕ್ಕಿಗೆ, ಎಷ್ಟನೇ ಸಾಲಿಗೆ ಈ ಕಲ್ಲು ಕೂರಬೇಕು ಅಂತ. ‘ಇವರು ಲೇಬಲ್ ಓದಿ ಕಟ್ಟಿದ್ದಾರೆ ನೋಡ್ರೋ’ ಅಂದಳು. ಸಂಡೂರಿನವನು ನಗಲಿಲ್ಲ. ಅವನು ಆಗ ಫೋನಿನಲ್ಲಿದ್ದ, ಬೀಗರ ಕಡೆಯವರ ಹತ್ರ ಇರೋ ಮದುವೆ ಫೋಟೋ ಕಳಿಸಿ ಅಂತ ಕೇಳ್ತಿದ್ದ. ಇಲ್ಲಿವರೆಗೆ ಅರವತ್ತು ಚಿಲ್ಲರೆ ಸಿಕ್ಕಿವೆ, ಅರ್ಧಕ್ಕರ್ಧ ಊಟದ ಪಂಕ್ತಿಯವು.

ಮಲ್ಟಿಮೀಟರ್ ಇನ್ನೂ ವಾಪಸ್ ಕೊಟ್ಟಿಲ್ಲ, ಲ್ಯಾಬಿನ ಸರ್ ಪರೀಕ್ಷೆವರೆಗೆ ಇಟ್ಕೊಳ್ಳಿ ಅಂದಿದ್ದಾರೆ. ಶನಿವಾರ ಮಧ್ಯಾಹ್ನ ಕ್ಯಾಂಟೀನಿನ ಹಿಂದಿನ ಕಟ್ಟೆ ಮೇಲೆ ಕೂತಿರ್ತೀವಿ. ಕಾರ್ಡು ಕೊಳ್ಳಬೇಕು ಅಂತಿರೋರು ಕ್ಯಾಬಿನೆಟ್ ಹೊತ್ತು ತರೋದು ಬೇಡ, ಪಕ್ಕದ ಪ್ಯಾನೆಲ್ ಬಿಚ್ಚಿ ಡಬ್ಬಿಯ ಲೇಬಲ್ ಫೋಟೋ ತೆಗೆದು ತನ್ನಿ. ದುಡ್ಡು ಕೊಟ್ಟ ಮೇಲಲ್ಲ, ಅದಕ್ಕೂ ಮೊದಲು.